ಕಚ್ಚಿತು, ಕಂಡಿತು

ನಮ್ಮ ಅಪ್ಪ ಮೊಬೈಲ್ ಟವರ್ ಹತ್ತುವವನು. ಇಪ್ಪತ್ತೆರಡು ವರ್ಷ ಹತ್ತಿದ. ಅಷ್ಟು ವರ್ಷಗಳಲ್ಲಿ ಅವನ ಬಾಯಿಂದ ಅತಿ ಹೆಚ್ಚು ಸಲ ಬಂದ ಪದ ‘ಕಚ್ಚಿತು’. ಅದರ ಮುಂದೆ ನನ್ನ ಹೆಸರು, ಅಮ್ಮನ ಹೆಸರು ಎಲ್ಲ ಏನೂ ಅಲ್ಲ.

ಟವರ್ ಹತ್ತುವವರು ತೊಡೆ, ಸೊಂಟ, ಭುಜ ಸುತ್ತಿ ಒಂದು ದಪ್ಪ ಪಟ್ಟಿ ಕಟ್ಟಿಕೊಳ್ಳುತ್ತಾರೆ. ಅದರಿಂದ ಎರಡು ಹಗ್ಗದ ಬಾಲಗಳು ಹೊರಡುತ್ತವೆ. ಒಂದೊಂದು ಬಾಲದ ತುದಿಯಲ್ಲೂ ಅಂಗೈಯಗಲದ ಕಬ್ಬಿಣದ ಕೊಕ್ಕೆ. ಒಂದನ್ನು ಬಿಚ್ಚಿದರೆ ಇನ್ನೊಂದು ಟವರಿನ ಕಬ್ಬಿಣವನ್ನು ಕಚ್ಚಿರಲೇಬೇಕು. ಎರಡೂ ಕೈ ಬಿಟ್ಟು ಕೆಲಸ ಮಾಡುವಾಗ ಎರಡೂ ಕೊಕ್ಕೆ ತಲೆಗಿಂತ ಮೇಲೆ ಕಚ್ಚಿರಬೇಕು. ಕೊಕ್ಕೆಯ ಬಾಯಿ ಮುಚ್ಚಿಕೊಂಡಾಗ ‘ಟಕ್’ ಎನ್ನುತ್ತದೆ. ಆಗ ಮೇಲಿದ್ದವನು "ಕಚ್ಚಿತು" ಎಂದು ಕೂಗಬೇಕು. ಕೆಳಗೆ ನಿಂತವನು ಕತ್ತೆತ್ತಿ ನೋಡಿ "ಕಂಡಿತು" ಎನ್ನಬೇಕು.

ಈ ಪಾಠ ಹೇಳಿಕೊಟ್ಟವನು ಅಪ್ಪನ ಮೊದಲ ಮೇಸ್ತ್ರಿ. ಅವನು ಮೂರನೆಯ ಪದವನ್ನೂ ಕಲಿಸಿದ್ದ: ‘ಕಂಡಿಲ್ಲ’. ಕೆಳಗಿನಿಂದ ಆ ಪದ ಕೇಳಿದರೆ ಮೇಲಿದ್ದವನು ಕೈಯಲ್ಲಿದ್ದುದನ್ನು ಬಿಟ್ಟು ಎರಡೂ ತೋಳಿನಿಂದ ಕಬ್ಬಿಣವನ್ನು ತಬ್ಬಿಕೊಳ್ಳಬೇಕು. ಕೆನ್ನೆ ಒತ್ತಿ ಹಾಗೇ ನಿಂತು, ಕೊಕ್ಕೆ ಎಲ್ಲಿದೆ ಎಂದು ಕಣ್ಣಿನಿಂದಲೇ ಹುಡುಕಬೇಕು. "ನಾಚ್ಕೋಬೇಡ್ರೋ. ಕಬ್ಬಿಣ ನಿಮ್ಮ ಹೆಂಡ್ತಿಗಿಂತ ಗಟ್ಟಿಯಾಗಿ ಹಿಡ್ಕೊಳ್ಳುತ್ತೆ, ಜಗಳಾನೂ ಆಡಲ್ಲ," ಎನ್ನುತ್ತಿದ್ದನಂತೆ ಮೇಸ್ತ್ರಿ.

ಮೂರನೆಯ ಪದವನ್ನು ಅಪ್ಪ ಒಂದು ಸಲವೂ ಕೇಳಿರಲಿಲ್ಲ.

ಕೆಳಗೆ ನಿಲ್ಲುತ್ತಿದ್ದವನು ನಮ್ಮ ಸೋದರಮಾವ, ಅಮ್ಮನ ತಮ್ಮ. ಮೊದಮೊದಲು ಸರದಿಯ ಮೇಲೆ ಅವನೂ ಹತ್ತುತ್ತಿದ್ದ. ಮಂಡಿ ಸವೆದ ಮೇಲೆ ಹಗ್ಗ ಎಳೆಯುವುದು, ಸಾಮಾನು ಕಟ್ಟಿ ಮೇಲೆ ಕಳಿಸುವುದು, ಕೂಗಿಗೆ ಕೂಗು ಕೊಡುವುದು, ಇಷ್ಟೇ ಅವನ ಕೆಲಸವಾಯಿತು. ಅದಕ್ಕೇ ಅವನಿಗೆ ‘ಗಿಳಿ’ ಎಂಬ ಅಡ್ಡಹೆಸರು. ಅಪ್ಪನಿಗೆ ‘ಉಡ’. ಗೋಡೆಗೆ ಅಂಟಿದ ಉಡ ಹಗ್ಗ ಕಟ್ಟಿ ಎಳೆದರೂ ಬಿಡುವುದಿಲ್ಲವಂತಲ್ಲ, ಹಾಗೆ. ಟವರ್ ಕೆಲಸಕ್ಕೆ ಬರುವ ಮೊದಲು ಅಪ್ಪ ಎತ್ತರದ ನೀರಿನ ಟ್ಯಾಂಕ್‌ಗಳಿಗೆ ಬಣ್ಣ ಬಳಿಯುತ್ತಿದ್ದ. ನಮ್ಮ ಕಡೆ ಮೊದಲ ಟವರ್ ನಿಂತಾಗ ಅದಕ್ಕೆ ಕೆಂಪು, ಬಿಳಿ ಬಣ್ಣ ಹೊಡೆಯಲು ಹೋದವನನ್ನು ಮೇಸ್ತ್ರಿ ಅಲ್ಲೇ ಉಳಿಸಿಕೊಂಡ.

ಆ ಟವರ್ ನಮ್ಮ ಶಾಲೆಯ ಹಿಂದಿನ ಬಯಲಿನಲ್ಲಿತ್ತು. ನನಗೆ ಆಗ ಏಳು ವರ್ಷ. ಮಧ್ಯಾಹ್ನ ಊಟದ ಡಬ್ಬಿ ಹಿಡಿದು ಹೊರಗೆ ಬಂದಾಗ ಯಾರೋ "ನಿಮ್ಮಪ್ಪ ನೋಡು" ಎಂದರು. ಕತ್ತೆತ್ತಿದೆ. ತುದಿಯಲ್ಲಿ ಇರುವೆಯಷ್ಟು ಗಾತ್ರದ ಒಂದು ಜೀವ. ಅದು ಎರಡೂ ಕೈ ಬಿಟ್ಟು ಹಿಂದಕ್ಕೆ ವಾಲಿತು. ನನ್ನ ಡಬ್ಬಿ ಕೈಯಿಂದ ಜಾರಿ ಮಣ್ಣಿಗೆ ಬಿತ್ತು. ಬೀಳುತ್ತಿರುವುದು ಅಪ್ಪನಲ್ಲ, ಡಬ್ಬಿ ಎಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ಇವತ್ತಿಗೂ ಪಾತ್ರೆ ಬಿದ್ದ ಸದ್ದಾದರೆ ನನ್ನ ಕತ್ತು ತಾನಾಗಿ ಮೇಲಕ್ಕೆ ಹೋಗುತ್ತದೆ.

ಮನೆಗೆ ಹೋಗಿ ಅಮ್ಮನಿಗೆ ಹೇಳಿದೆ: "ಮಾವ ಕಂಡಿತು ಅಂತಾನೆ ಅಮ್ಮ, ಆದ್ರೆ ಕೆಳಗಿಂದ ಏನೂ ಕಾಣಲ್ಲ."

ಅಮ್ಮ ಒಂದೇ ಒಂದು ಸಲವೂ ಅಪ್ಪನ ಕೆಲಸ ನೋಡಲು ಹೋದವಳಲ್ಲ. "ನಾನು ನೋಡಿದ್ರೆ ಅವ್ರು ಬೀಳ್ತಾರೆ," ಎನ್ನುತ್ತಿದ್ದಳು, ಬೇರೆ ಕಾರಣ ಕೊಡುತ್ತಿರಲಿಲ್ಲ. ಆ ದಿನ ನನ್ನ ಮಾತು ಕೇಳಿ ಪೆಟ್ಟಿಗೆಯಿಂದ ಒಂದು ಹಳೇ ಕೆಂಪು ರವಿಕೆ ತೆಗೆದು ಹರಿದಳು. ಎರಡೂ ಬಾಲಗಳ ತುದಿಯಲ್ಲಿ, ಕೊಕ್ಕೆಯ ಪಕ್ಕದಲ್ಲೇ, ಕೆಂಪು ಬಟ್ಟೆ ಸುತ್ತಿ ಎರಡೆರಡು ಹೊಲಿಗೆ ಹಾಕಿದಳು. ತಮ್ಮನನ್ನು ಕರೆದು, "ಇನ್ಮೇಲೆ ಕಾಣ್ಲಿಲ್ಲ ಅನ್ನೋ ನೆಪ ಬೇಡ. ಕೆಂಪು ಕಂಡ್ರೆ ಮಾತ್ರ ಕಂಡಿತು ಅನ್ನು," ಎಂದಳು.

"ಆಯ್ತಕ್ಕ. ನಿನ್ನ ರವಿಕೆ ಊರಿಗೆಲ್ಲ ಕಾಣೋ ಹಾಗಾಯ್ತಲ್ಲ," ಎಂದು ಮಾವ ನಕ್ಕ. ಅಮ್ಮ ನಗಲಿಲ್ಲ. ಬಟ್ಟೆ ಮಾಸಿದಾಗಲೆಲ್ಲ ಹೊಸ ಕೆಂಪು ಹುಡುಕಿ ಹೊಲಿಯುತ್ತಾ ಬಂದಳು.

ಆಗ ಒಂದು ಟವರಿಗೆ ಮೂರೇ ಆಂಟೆನಾ. ಅದನ್ನು ಕೂರಿಸಲು ಒಂದು ವಾರ. ಜನ ಮಾತಾಡಲು ಒಡ್ಡಿನ ಮೇಲೆ, ಮಾಳಿಗೆಯ ಮೇಲೆ ಹತ್ತಿ ಫೋನನ್ನು ಆಕಾಶಕ್ಕೆ ತೋರಿಸುತ್ತಿದ್ದರು. ಸಿಗ್ನಲ್ ಒಂದು ಗೆರೆ ಬಂದರೆ ಹಬ್ಬ. ಆಮೇಲೆ ಫೋನಿನಲ್ಲಿ ಚಿತ್ರ ಬಂತು, ಚಿತ್ರ ಚಲಿಸತೊಡಗಿತು. ತ್ರೀಜಿ ಎಂದರು, ಆರು ಆಂಟೆನಾ ಆಯಿತು. ಫೋರ್‌ಜಿ ಎಂದರು, ಒಂಬತ್ತಾಯಿತು. ಮನೆಮನೆಗೆ ಫೋನಿನ ಕಂಬಿ ಎಳೆಯುವುದು ನಿಂತು ಗಾಳಿಯಲ್ಲೇ ಇಂಟರ್ನೆಟ್ ಬಂತು. ತರಕಾರಿ ಮಾರುವವಳಿಂದ ಹಿಡಿದು ಆಸ್ಪತ್ರೆಯ ಚೀಟಿ ಬರೆಯುವವನವರೆಗೆ ಎಲ್ಲರಿಗೂ ನೆಟ್ ಬೇಕು. ಒಂದು ಕಂಪನಿ ಒಂದು ಊರಿಗೆ ಹೋದರೆ ಇನ್ನೊಂದು ಅದರ ಮುಂದಿನ ಊರಿಗೆ ಓಡುತ್ತಿತ್ತು. ಆ ಓಟವೆಲ್ಲ ಕೊನೆಗೆ ಬಂದು ನಿಲ್ಲುತ್ತಿದ್ದುದು ಅಪ್ಪನಂಥವರ ಎರಡು ಕೊಕ್ಕೆಗಳ ಮೇಲೆ. ವಾರದ ಕೆಲಸ ಮೂರು ದಿನಕ್ಕೆ ಬಂತು, ಮೂರು ದಿನದ್ದು ಒಂದು ದಿನಕ್ಕೆ. ಫೈವ್‌ಜಿ ಶುರುವಾದಾಗ "ಇವತ್ತು ಎರಡು ಟವರ್ ಮುಗಿಸಿ" ಎಂಬ ಸಂದೇಶ ಬೆಳಗಿನ ಚಹಾಕ್ಕಿಂತ ಮೊದಲೇ ಬರುತ್ತಿತ್ತು.

ಕೆಲಸ ಬೇಗ ಆದಂತೆ ಮಾತೂ ಬೇಗ ಆಯಿತು. ಕಚ್ಚಿತು-ಕಂಡಿತು, ಕಚ್ಚಿತು-ಕಂಡಿತು. ನಾನು ರಜೆಯಲ್ಲಿ ಹೋಗಿ ಕೇಳಿದಾಗ ಅದು ಇಬ್ಬರ ಮಾತಿನಂತಿರಲಿಲ್ಲ, ಒಂದೇ ಮಿಷನ್ನಿನ ಎರಡು ಬಡಿತದಂತಿತ್ತು. ಮಾವ ಕತ್ತೆತ್ತದೆ, ನೆಲದಲ್ಲಿ ಕೂತು ನಟ್ಟು ಬೋಲ್ಟು ಆರಿಸುತ್ತಲೇ "ಕಂಡಿತು" ಎನ್ನುತ್ತಿದ್ದ.

ನಮ್ಮ ಮನೆಯಲ್ಲಿ ಕಾಲೇಜು ಮುಗಿಸಿದವರಲ್ಲಿ ನಾನೇ ಮೊದಲಿಗಳು. ಹಳ್ಳಿಯಿಂದ ನಗರಕ್ಕೆ ಬಂದು ಹುಡುಕಿದಾಗ ಸಿಕ್ಕ ಕೆಲಸವೂ ಟವರಿನದೇ. ಹಲವು ಕಂಪನಿಗಳ ಪರವಾಗಿ ಆಂಟೆನಾ ಬದಲಿಸುವ ಒಂದು ಗುತ್ತಿಗೆ ಸಂಸ್ಥೆಯ ಕಂಟ್ರೋಲ್ ರೂಮು. ಅಪ್ಪನೂ ಅದೇ ಸಂಸ್ಥೆಗೆ ಹತ್ತುತ್ತಿದ್ದ. "ನಾನು ಬಿಸಿಲಲ್ಲಿ, ನನ್ನ ಮಗಳು ಎ.ಸಿ.ಯಲ್ಲಿ. ಹತ್ತಿದ್ದು ಯಾರು ಹೇಳಿ?" ಎಂದು ಸಿಕ್ಕವರಿಗೆಲ್ಲ ಹೇಳುತ್ತಿದ್ದ.

ಕಿಟಕಿಯಿಲ್ಲದ ಕೋಣೆ. ಎದುರಿನ ಗೋಡೆಯ ತುಂಬ ದೇಶದ ನಕ್ಷೆ. ಹೊಸ ಸಿಗ್ನಲ್ ಇದ್ದ ಕಡೆ ನೇರಳೆ ಬಣ್ಣ, ಇಲ್ಲದ ಕಡೆ ಬಿಳಿ. ಬಿಳಿ ಕಲೆಗಳೆಂದರೆ ನಮ್ಮ ಸೂಪರ್‌ವೈಸರಿಗೆ ಮೈಮೇಲೆ ಎದ್ದ ತೊನ್ನು ಕಂಡಷ್ಟು ಅಸಹ್ಯ. ನನ್ನ ಕೆಲಸ ಇಷ್ಟು: ಮೇಲೆ ಹತ್ತಿದವರು ಆಂಟೆನಾದ ಪಕ್ಕ ತಲುಪಿ ತಮ್ಮ ಫೋಟೋ ಕಳಿಸುತ್ತಾರೆ. ಪರದೆಯ ಮೇಲೆ ನಾಲ್ಕು ಪ್ರಶ್ನೆ ಬರುತ್ತವೆ. ಹೆಲ್ಮೆಟ್ ಇದೆಯೇ? ಎರಡೂ ಕೊಕ್ಕೆ ಕಾಣುತ್ತಿವೆಯೇ? ಕೆಳಗೆ ಜೊತೆಗಾರ ಇದ್ದಾನೆಯೇ? ಗಾಳಿ ಕಡಿಮೆ ಇದೆಯೇ? ನಾಲ್ಕಕ್ಕೂ ‘ಸರಿ’ ಒತ್ತಿದರೆ ಆ ಟವರ್ ಆರಿಹೋಗುತ್ತದೆ. ಉರಿಯುವ ಆಂಟೆನಾದ ಮುಂದೆ ಮನುಷ್ಯ ಕೆಲಸ ಮಾಡಬಾರದು, ಅದಕ್ಕೆ. ಹಳೆಯದನ್ನು ಬಿಚ್ಚಿ ಹೊಸದನ್ನು ಕೂರಿಸುವವರೆಗೆ ಆ ಪ್ರದೇಶದಲ್ಲಿ ಫೋನಿಲ್ಲ, ನೆಟ್ಟಿಲ್ಲ.

ದಿನಕ್ಕೆ ನಲವತ್ತು ಸಲ ನಾಲ್ಕು ‘ಸರಿ’.

ಫೈವ್‌ಜಿ ಬಂದ ಆ ವರ್ಷ ಅಪ್ಪನಿಗೆ ಐವತ್ತಮೂರು. ನಾನು ಊರಿಗೆ ಹೋಗಿದ್ದೆ. ಬೆಳಗ್ಗೆ ಅಪ್ಪ ಹೊರಗಿನಿಂದ ಬಂದು ಗೇಟನ್ನು ಹಿಂದಕ್ಕೆ ತಳ್ಳಿ, "ಕಚ್ಚಿತು" ಎಂದು ಹೇಳಿ ಒಳಗೆ ಬಂದ. ಅವನ ಬೆನ್ನ ಹಿಂದೆ ಗೇಟು ನಿಧಾನವಾಗಿ ತೆರೆದುಕೊಂಡಿತು. ಚಿಲಕ ಹಾಕಿರಲೇ ಇಲ್ಲ. ಸ್ವಲ್ಪ ಹೊತ್ತಿಗೆ ಪಕ್ಕದ ಮನೆಯ ಮೇಕೆ ಒಳಗೆ ಬಂದು ಅಮ್ಮನ ಬದನೆ ಗಿಡ ಮೇಯತೊಡಗಿತು.

"ನೋಡೇ, ನಿಮ್ಮಪ್ಪನ ಗೇಟು ಕಚ್ಚಿತೋ ಇಲ್ವೋ, ಮೇಕೆ ಮಾತ್ರ ಚೆನ್ನಾಗಿ ಕಚ್ತು," ಎಂದಳು ಅಮ್ಮ, ಮೇಕೆ ಓಡಿಸುತ್ತಾ. ನಾವೆಲ್ಲ ನಕ್ಕೆವು. ಅಪ್ಪನೂ ನಕ್ಕ.

ಮಧ್ಯಾಹ್ನ ಅಕ್ಕಿ ಆರಿಸುತ್ತಾ ಕೂತಾಗ ಅಮ್ಮ ತಲೆ ಎತ್ತದೆ ಹೇಳಿದಳು: "ಇದು ಮೊದಲ್ನೇ ಸಲ ಅಲ್ಲ. ಗ್ಯಾಸ್ ಆಫ್ ಮಾಡೋಕೆ ಮೊದ್ಲೇ ಕಚ್ಚಿತು ಅಂತಾರೆ. ಅಂದ್ಬಿಟ್ಟು ಹೋಗ್ಬಿಡ್ತಾರೆ. ನಾನು ಹಿಂದೆ ಹಿಂದೆ ಹೋಗಿ ನೋಡ್ತೀನಿ. ಅಲ್ಲಿ ಮೇಲೆ ಯಾರು ಹೋಗಿ ನೋಡ್ತಾರೆ?"

ಕೈಯಲ್ಲಿದ್ದ ಅಕ್ಕಿಯನ್ನು ಮೊರಕ್ಕೆ ಸುರಿದು ಎದ್ದೆ.

ಹಿತ್ತಲಿಗೆ ಹೋದೆ. ಅಪ್ಪ ಪಟ್ಟಿ ಕಟ್ಟಿಕೊಂಡು ಬಟ್ಟೆ ಒಣಹಾಕುವ ಕಂಬದ ಮುಂದೆ ನಿಂತಿದ್ದ. ಕೊಕ್ಕೆ ಹಾಕುತ್ತಿದ್ದ, ತೆಗೆಯುತ್ತಿದ್ದ. ಹಾಕುವ ಮೊದಲು ಪದ ಬಾಯಿಗೆ ಬಂದಾಗಲೆಲ್ಲ ತುಟಿ ಕಚ್ಚಿ ನುಂಗಿಕೊಳ್ಳುತ್ತಿದ್ದ. ಹಣೆಯಲ್ಲಿ ಬೆವರು. ನೆಲದ ಮೇಲೇ ನಿಂತು ನಮ್ಮಪ್ಪ, ಉಡ, ಹೆದರಿ ಬೆವರುತ್ತಿದ್ದ.

ನನ್ನನ್ನು ಕಂಡು ಹೇಳಿದ: "ಎತ್ತರಕ್ಕೆ ಭಯ ಇಲ್ಲಮ್ಮ. ಈ ಬಾಯಿಗೆ ಭಯ. ಕೈಗಿಂತ ಮುಂದೆ ಹೋಗ್ಬಿಡುತ್ತೆ."

"ಬಿಟ್ಬಿಡು ಅಪ್ಪ ಈ ಕೆಲ್ಸ."

"ಬಿಡ್ತೀನಿ. ಈ ಸುತ್ತು ಮುಗೀಲಿ. ಹನ್ನೊಂದು ಟವರ್ ಉಳಿದಿದೆ ಅಷ್ಟೇ. ನಿಮ್ಮ ಗೋಡೆ ಮೇಲಿನ ಬಿಳಿ ಎಲ್ಲ ಹೋಗ್ಲಿ." ಆಮೇಲೆ ಧ್ವನಿ ತಗ್ಗಿಸಿದ: "ನಿನ್ನ ಮಾವನಿಗೆ ಹೇಳ್ಬೇಡ. ಊರೆಲ್ಲ ಗಿಳಿಪಾಠ ಒಪ್ಪಿಸ್ತಾನೆ."

ನಾನು ಹೇಳಲಿಲ್ಲ. ಅದು ನನ್ನ ಮೊದಲ ತಪ್ಪು.

ನಾನು ನಗರಕ್ಕೆ ಮರಳಿದ ಮೇಲೆ ಒಂದು ದಿನ ಬೆಳಗ್ಗೆ ಅಪ್ಪ ಮತ್ತು ಮಾವ ಹೋಗಿದ್ದು ಹನ್ನೊಂದರಲ್ಲಿ ಏಳನೆಯ ಟವರಿಗೆ. ಒಬ್ಬ ಅಜ್ಜಿಯ ಹಿತ್ತಲಿನ ಜಾಗದಲ್ಲಿ ಹದಿನೆಂಟು ವರ್ಷದಿಂದ ನಿಂತಿದ್ದ ನಲವತ್ತು ಮೀಟರಿನ ಟವರ್ ಅದು. ಸುತ್ತ ಹೊಲ, ಹತ್ತಿರದಲ್ಲಿ ಬೇರೆ ಟವರಿಲ್ಲ. ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ ನನ್ನ ಪರದೆಗೆ ಫೋಟೋ ಬಂತು. ಅಪ್ಪ ಟವರಿನ ಅಡ್ಡ ಕಂಬಿಯ ಮೇಲೆ ಕೂತು ತೆಗೆದದ್ದು. ಹೆಲ್ಮೆಟ್ ಇತ್ತು, ನಗು ಇತ್ತು, ಎರಡು ಕೆಂಪು ಬಟ್ಟೆ ಕಂಡವು. ಸರಿ, ಸರಿ, ಸರಿ, ಸರಿ. ಹನ್ನೊಂದು ಗಂಟೆ ಹನ್ನೆರಡು ನಿಮಿಷಕ್ಕೆ ಟವರ್ ಆರಿತು. ನಕ್ಷೆಯ ಮೇಲೆ ಒಂದು ಚುಕ್ಕೆ ಬೂದು ಬಣ್ಣಕ್ಕೆ ತಿರುಗಿತು.

ಮುಂದಿನ ತಂಡದ ಫೋಟೋ ಬಂತು, ಅದರ ಮುಂದಿನದೂ ಬಂತು. ಮೂರನೆಯ ಫೋಟೋದಲ್ಲಿದ್ದವನ ಕೊಕ್ಕೆಗಳಿಗೆ ಹಳದಿ ಬಣ್ಣ. ಎರಡೂ ಅವನ ಹೆಲ್ಮೆಟ್ಟಿನ ಮೇಲೆ, ಅಡ್ಡ ಕಂಬಿಗೆ ಕಚ್ಚಿ, ಬಾವಲಿಗಳ ಹಾಗೆ ತೂಗಿದ್ದವು. ನಾನು ‘ಸರಿ’ ಒತ್ತಲು ಹೋದವಳು ನಿಂತೆ. ಅಪ್ಪನ ಫೋಟೋ ಮತ್ತೆ ತೆರೆದೆ.

ಅಪ್ಪನ ಹೆಲ್ಮೆಟ್ಟಿನ ಮೇಲೆ ಬರೀ ಆಕಾಶ.

ಎರಡು ಕೆಂಪೂ ಇದ್ದವು. ಆದರೆ ಕೆಳಗೆ, ಅವನ ಸೊಂಟದ ಎಡಬಲದಲ್ಲಿ. ನಡೆಯುವಾಗ ಕೊಕ್ಕೆಗಳು ಕಾಲಿಗೆ ತಾಗದಿರಲೆಂದು ಪಟ್ಟಿಯಲ್ಲಿ ಎರಡು ಬಳೆಗಳಿರುತ್ತವೆ, ನೆಲದ ಮೇಲಿರುವಾಗ ಕೊಕ್ಕೆಗಳನ್ನು ಅಲ್ಲಿ ಸಿಕ್ಕಿಸಿಕೊಳ್ಳುತ್ತಾರೆ. ನಲವತ್ತು ಮೀಟರ್ ಮೇಲೆ ಕೂತು, ನೀರು ಕುಡಿದೋ ಚೀಲ ಸರಿಪಡಿಸಿಯೋ, ಅಪ್ಪ ಎರಡನ್ನೂ ಅಲ್ಲಿಗೇ ಹಾಕಿದ್ದ. ಎರಡು ಸಲ ಟಕ್ ಎಂದಿರಬೇಕು. ಎರಡು ಸಲ "ಕಚ್ಚಿತು" ಎಂದಿರಬೇಕು. ಎರಡು ಸಲ "ಕಂಡಿತು" ಎಂಬ ಉತ್ತರವೂ ಬಂದಿರಬೇಕು. ಕೊಕ್ಕೆಗಳು ಕಚ್ಚಿದ್ದು ನಿಜ. ಅವನನ್ನೇ ಕಚ್ಚಿಕೊಂಡಿದ್ದವು. ಟವರಿಗೂ ಅವನಿಗೂ ನಡುವೆ ಏನೂ ಇರಲಿಲ್ಲ.

‘ಎರಡೂ ಕೊಕ್ಕೆ ಕಾಣುತ್ತಿವೆಯೇ?’ ಕಾಣುತ್ತಿದ್ದವು. ನಾನು ಕೆಂಪನ್ನು ಎಣಿಸಿ ಸರಿ ಎಂದಿದ್ದೆ.

ಗಂಟೆ ಹನ್ನೊಂದು ಹತ್ತೊಂಬತ್ತು. ಅಪ್ಪನ ಕೆಲಸದ ಕ್ರಮ ನನಗೆ ಮಗ್ಗಿಯಂತೆ ಬಾಯಿಪಾಠ. ಮೊದಲು ರಾಟೆ ಕಟ್ಟುವುದು, ಅದಕ್ಕೆ ಒಂದು ಕೈ ಸಾಕು. ಆಮೇಲೆ ಹಗ್ಗ ಇಳಿಸಿ ಸಾಮಾನಿನ ಚೀಲ ಮೇಲೆತ್ತುವುದು. ಆಮೇಲೆ ಹಳೇ ಆಂಟೆನಾದ ಬೋಲ್ಟು. ಅದಕ್ಕೆ ಎರಡೂ ಕೈ ಬೇಕು. ಎದ್ದು ನಿಂತು, ಪಟ್ಟಿಯ ಮೇಲೆ ಭಾರ ಬಿಟ್ಟು, ಹಿಂದಕ್ಕೆ ವಾಲಬೇಕು. ನಾನು ಏಳು ವರ್ಷದವಳಿದ್ದಾಗ ನೋಡಿದ ಅದೇ ವಾಲುವಿಕೆ. ಅಲ್ಲಿಯವರೆಗೆ ಹೆಚ್ಚೆಂದರೆ ಹದಿನೈದು ನಿಮಿಷ. ಅದರಲ್ಲಿ ಏಳು ಆಗಲೇ ಕಳೆದಿತ್ತು.

ಅಪ್ಪನಿಗೆ ಫೋನ್ ಮಾಡಿದೆ. "ನೀವು ಕರೆ ಮಾಡುತ್ತಿರುವ ಚಂದಾದಾರರು ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ." ಮಾವನಿಗೆ ಮಾಡಿದೆ. ಅದೇ ಹೆಂಗಸು, ಅದೇ ಸಮಾಧಾನದ ಧ್ವನಿ. ಆಗ ಹೊಳೆಯಿತು. ಅವರನ್ನು ವ್ಯಾಪ್ತಿಯ ಹೊರಗೆ ಹಾಕಿದವಳು ನಾನೇ. ನನ್ನ ಬೆರಳು ಆರಿಸಿದ ಟವರಿನ ಮೇಲೆಯೇ ಅಪ್ಪ ಕೂತಿದ್ದ.

ಸೂಪರ್‌ವೈಸರ್ ಬಳಿ ಓಡಿದೆ. "ಸರ್, ಈ ಸೈಟ್ ಆನ್ ಮಾಡಿ ಸರ್. ಕೊಕ್ಕೆ ಹಾಕಿಲ್ಲ."

ಅವನು ಫೋಟೋ ನೋಡಿದ. ಮುಖದ ಬಣ್ಣ ಇಳಿಯಿತು. "ಆನ್ ಆಗೋಕೆ ಎಂಟು ನಿಮಿಷ ಬೇಕು. ಅಷ್ಟರಲ್ಲಿ ಅವರು ಆಂಟೆನಾಗೆ ಮುಖ ಕೊಟ್ಟು ನಿಂತಿರ್ತಾರೆ, ಕೇಬಲ್ ಬಿಚ್ಚಿರ್ತಾರೆ. ಹೆಂಗಮ್ಮ ಆನ್ ಮಾಡ್ಲಿ?" ಎಂದ. "ಹತ್ತಿರ ಇನ್ನೊಂದು ತಂಡ..." ಎಂದು ನಕ್ಷೆ ನೋಡಿದ. ಹತ್ತಿರದ ತಂಡ ಅರ್ಧ ಗಂಟೆಯ ದಾರಿಯಲ್ಲಿತ್ತು.

ನಾನು ನನ್ನ ಕುರ್ಚಿಗೆ ಬಂದೆ. ಆ ಸೈಟಿನ ಹಳೇ ಕಾಗದಗಳನ್ನು ತೆರೆದೆ. ಹದಿನೆಂಟು ವರ್ಷದ ಹಿಂದೆ ಜಾಗ ಕೊಟ್ಟಾಗ ಬರೆಸಿಕೊಂಡ ಪತ್ರ. ಮಾಲೀಕರ ಹೆಬ್ಬೆಟ್ಟಿನ ಪಕ್ಕದಲ್ಲಿ ಒಂದು ನಂಬರು. ಆರೇ ಅಂಕಿ, ಅದಕ್ಕೆ ಮೊದಲು ಊರಿನ ಕೋಡು. ಕಂಬಿಯ ಫೋನು, ಲ್ಯಾಂಡ್‌ಲೈನು. ನಾವೇ ಎಲ್ಲೆಡೆ ಕೊಂದುಹಾಕಿದ ಕಂಬಿಯ ಫೋನು ಅಲ್ಲಿ ಬದುಕಿದೆಯೋ ಇಲ್ಲವೋ.

ಒತ್ತಿದೆ. ರಿಂಗಾಯಿತು. ಒಂದು, ಎರಡು, ಐದು, ಒಂಬತ್ತು.

"ಯಾರು?"

"ಅಜ್ಜಿ, ನಾನು ಟವರ್ ಆಫೀಸಿಂದ..."

"ನನಗೆ ಯಾವ ಸಾಲಾನೂ ಬೇಡ, ಯಾವ ಪಾಲಿಸೀನೂ ಬೇಡ." ಫೋನು ಇಟ್ಟುಬಿಟ್ಟಳು.

ಹನ್ನೊಂದು ಇಪ್ಪತ್ತಮೂರು. ಮತ್ತೆ ಒತ್ತಿದೆ. ಎತ್ತಿದ ತಕ್ಷಣ ಒಂದೇ ಉಸಿರಿಗೆ ಹೇಳಿದೆ: "ಅಜ್ಜಿ ಇಡ್ಬೇಡಿ, ನಿಮ್ಮ ಹಿತ್ತಲಲ್ಲಿರೋ ಟವರ್ ಮೇಲೆ ನಮ್ಮಪ್ಪ ಇದ್ದಾರೆ."

"ಓಹೋ, ನನ್ನ ನೆಟ್ ಕಿತ್ತು ಹಾಕಿರೋನು ನಿಮ್ಮಪ್ಪಾನಾ? ಮೊಮ್ಮಗಳ ಜೊತೆ ಮಾತಾಡ್ತಾ ಇದ್ದೆ, ಅವಳ ಬಾಯಿ ತೆರ್ಕೊಂಡಂಗೇ ನಿಂತೋಯ್ತು..."

"ಅಜ್ಜಿ, ಅವರು ಬಿದ್ದೋಗ್ತಾರೆ."

"ಅಯ್ಯೋ! ಏನು ಮಾಡ್ಲಿ ಹೇಳು."

ಆ ಒಂದು ಕ್ಷಣದಲ್ಲಿ ನನಗೆ ಇನ್ನೊಂದು ಭಯ ಹತ್ತಿತು. ಏನೆಂದು ಕೂಗಿಸಲಿ? "ಬೀಳ್ತೀಯ" ಎಂದು ಕೂಗಿದರೆ ಅಪ್ಪ ಬೆಚ್ಚುತ್ತಾನೆ. ಹೆಸರು ಹಿಡಿದು ಕೂಗಿದರೆ ಯಾರೆಂದು ನೋಡಲು ತಿರುಗುತ್ತಾನೆ, ಬೆನ್ನ ಹಿಂದೆ ಪಟ್ಟಿ ಇದೆಯೆಂಬ ನಂಬಿಕೆಯಲ್ಲಿ ಹಿಂದಕ್ಕೆ ವಾಲುತ್ತಾನೆ. ನನ್ನ ಮಾತೇ ಅವನನ್ನು ತಳ್ಳಬಹುದು. ಆಗ ಮೇಸ್ತ್ರಿಯ ಮೂರನೆಯ ಪದ ನೆನಪಾಯಿತು.

"ಅಜ್ಜಿ, ಕೆಳಗೆ ಒಬ್ಬರು ಕೂತಿದ್ದಾರಲ್ಲ, ನಮ್ಮ ಮಾವ. ಅವರ ಹತ್ರ ಹೋಗಿ. ಮೇಲೆ ನೋಡಿ ನೀವೇನೂ ಕೂಗ್ಬೇಡಿ. ಅವರಿಗೆ ಮಾತ್ರ ಹೇಳಿ, ‘ಕಂಡಿಲ್ಲ’ ಅಂತ ಕೂಗು ಅಂತ. ಅಷ್ಟೇ. ಕಂಡಿಲ್ಲ."

"ಏನು ಕಂಡಿಲ್ಲ?"

"ಕಂಡಿಲ್ಲ ಅಂದ್ರೆ ಸಾಕು ಅಜ್ಜಿ, ಅವರಿಗೆ ಗೊತ್ತಾಗುತ್ತೆ. ಬೇಗ ಹೋಗಿ."

ಫೋನನ್ನು ಎಲ್ಲೋ ಮರದ ಮೇಲೆ ಇಟ್ಟ ಸದ್ದು. ಚಪ್ಪಲಿ ಎಳೆಯುವ ಸದ್ದು. ಎಷ್ಟು ನಿಧಾನ ಆ ಚಪ್ಪಲಿ! ಚಪ್ಪಲಿ ನಿಂತಿತು. ಬಾಗಿಲ ಅಗುಳಿ ಸರಿಯುತ್ತಿರಲಿಲ್ಲವೇನೋ, ಒಂದು, ಎರಡು, ಮೂರು ಸಲ ಕಟಕಟ. ಆಮೇಲೆ ಏನೂ ಇಲ್ಲ. ನನ್ನ ಎದುರಿನ ಪರದೆಯಲ್ಲಿ ಹೊಸ ಫೋಟೋಗಳು ಬಂದು ಬೀಳುತ್ತಿದ್ದವು. ‘ಎರಡೂ ಕೊಕ್ಕೆ ಕಾಣುತ್ತಿವೆಯೇ?’ ‘ಎರಡೂ ಕೊಕ್ಕೆ ಕಾಣುತ್ತಿವೆಯೇ?’ ಹನ್ನೊಂದು ಇಪ್ಪತ್ತೈದು. ಅಜ್ಜಿಯ ಬಾಗಿಲ ಬಳಿ ಎಲ್ಲೋ ಒಂದು ಪಾತ್ರೆ ಬಿದ್ದಂತೆ ಕೇಳಿಸಿತು. ನನ್ನ ಕತ್ತು ಮೇಲಕ್ಕೆ ಹೋಯಿತು. ಅಲ್ಲಿ ನಮ್ಮ ಆಫೀಸಿನ ಬಿಳಿ ಸೂರು ಬಿಟ್ಟು ಬೇರೇನೂ ಇರಲಿಲ್ಲ.

ಆಮೇಲೆ, ಬಹಳ ದೂರದಿಂದ, ಆ ಕಂಬಿಯೊಳಗೆ, ನಮ್ಮ ಮಾವನ ಧ್ವನಿ.

"ಕಂಡಿಲ್ಲಾ!"

ಮತ್ತೆ. "ಕಂಡಿಲ್ಲಾ ಭಾವ! ಕಂಡಿಲ್ಲಾ!"

ಮೂರನೆಯದರ ಹೊತ್ತಿಗೆ ಆ ಧ್ವನಿ ಕೂಗಾಗಿ ಉಳಿದಿರಲಿಲ್ಲ, ಅಳುವಾಗಿತ್ತು. ಅವನಿಗೂ ಆಗಷ್ಟೇ ಕಾಣಿಸಿತ್ತು. ಇಷ್ಟು ವರ್ಷಕ್ಕೆ ಮೊದಲ ಸಲ ಕತ್ತೆತ್ತಿ ನಿಜವಾಗಿ ನೋಡಿದ್ದ.

ನಾನು ಫೋನು ಕಿವಿಗೆ ಒತ್ತಿಕೊಂಡು ಕೂತೆ. ಸೂಪರ್‌ವೈಸರ್ ನನ್ನ ಹಿಂದೆ ನಿಂತಿದ್ದ, ಅವನ ಉಸಿರು ನನ್ನ ಕತ್ತಿಗೆ ತಾಗುತ್ತಿತ್ತು. ಕೊನೆಗೆ ಚಪ್ಪಲಿ ವಾಪಸ್ ಬಂತು.

"ಏ ಹುಡ್ಗಿ, ಇದ್ದೀಯಾ?"

"ಹೇಳಿ ಅಜ್ಜಿ."

"ಕೈಯಲ್ಲಿದ್ದ ಸ್ಪ್ಯಾನರು ಬಿಟ್ಬಿಟ್ಟ, ಬಂದು ನನ್ನ ತೊಟ್ಟಿ ಮೇಲೆ ಬಿತ್ತು. ಕಬ್ಬಿಣಾನ ಹೆಂಗೆ ತಬ್ಕೊಂಡಿದಾನೆ ಅಂದ್ರೆ, ಮೊದಲ್ನೇ ದಿನ ಶಾಲೆಗೆ ಬಿಟ್ಟ ಮಗು ತಾಯಿನ ತಬ್ಕೊಂಡಂಗೆ. ಆಮೇಲೆ ಒಂದು ಕೈ ತೆಗೆದು ಏನೋ ಸಿಕ್ಕಿಸ್ದ. ಕೆಂಪಗಿತ್ತು."

"ತಲೆ ಮೇಲಾ ಅಜ್ಜಿ? ತಲೆಗಿಂತ ಮೇಲಾ?"

"ತಲೆ ಮೇಲೇನೇ. ಎರಡೂನೂ. ನಾನು ಕಣ್ಣಾರೆ ನೋಡ್ದೆ. ಕಣ್ಣಿಗೆ ಆಪರೇಷನ್ ಮಾಡ್ಸಿದ್ದೀನಿ, ಚೆನ್ನಾಗಿ ಕಾಣುತ್ತೆ. ಈಗ ಹೇಳು, ನನ್ನ ನೆಟ್ ಯಾವಾಗ ಬರುತ್ತೆ?"

ನಾನು ಮೇಜಿನ ಮೇಲೆ ತಲೆಯಿಟ್ಟೆ.

ಮುಂದಿನದು ಮಾವ ಹೇಳಿದ್ದು. ಅಪ್ಪ ಕೊಕ್ಕೆ ಹಾಕಿಕೊಂಡ ಮೇಲೂ ಇಳಿಯಲಿಲ್ಲ. ಕಾಲು ಬರಲಿಲ್ಲ. "ಇಳೀರಿ ಭಾವ" ಎಂದರೆ "ಆಗ್ತಿಲ್ಲ ಕಣೋ" ಎಂದನಂತೆ. ಕೊನೆಗೆ ಮಂಡಿ ಸವೆದ ಮಾವ ಹನ್ನೆರಡು ವರ್ಷದ ಮೇಲೆ ಪಟ್ಟಿ ಕಟ್ಟಿಕೊಂಡು ತಾನೇ ಹತ್ತಿದ. ಅಜ್ಜಿ ಕೆಳಗೆ ನಿಂತು ಕತ್ತೆತ್ತಿ ಇಬ್ಬರ ಕೊಕ್ಕೆಗಳನ್ನೂ ನೋಡುತ್ತಾ, ಹೇಳಿಕೊಟ್ಟಂತೆ, "ಕಂಡಿತು, ಕಂಡಿತು" ಎನ್ನುತ್ತಿದ್ದಳು. ಒಂದು ಸಲ "ಸ್ವಲ್ಪ ತಾಳು, ಬಿಸಿಲು ಕಣ್ಣಿಗೆ ಬಿತ್ತು" ಎಂದು ಇಬ್ಬರನ್ನೂ ಮೂವತ್ತು ಮೀಟರಿನಲ್ಲಿ ನಿಲ್ಲಿಸಿದಳಂತೆ. ಇಳಿಯಲು ಒಂದು ಗಂಟೆ ಹಿಡಿಯಿತು.

ಆ ದಿನವೆಲ್ಲ ನಕ್ಷೆಯ ಮೇಲೆ ಆ ಚುಕ್ಕೆ ಬೂದು ಬಣ್ಣದಲ್ಲೇ ಉಳಿಯಿತು.

ವಾರದ ಕೊನೆಗೆ ನಾನು ಊರಿಗೆ ಹೋದೆ. ಅಡುಗೆಮನೆಯಲ್ಲಿ ಅಪ್ಪ ಗೋಡೆಗೆ ಒರಗಿ ಕೂತಿದ್ದ. ಕೈಯಲ್ಲಿ ಲೋಟ, ಚಹಾ ಆರಿಹೋಗಿತ್ತು.

"ಆ ಫೋಟೋ ಇದ್ಯಾ?" ಎಂದು ಕೇಳಿದ.

ಫೋನಿನಲ್ಲಿ ತೋರಿಸಿದೆ. ಬಹಳ ಹೊತ್ತು ನೋಡಿದ. "ಎರಡೂ ಕೆಂಪು ಕಾಣ್ತಿದೆ."

"ಅದಕ್ಕೇ ನಾನೂ ಸರಿ ಅಂತ ಒತ್ತಿದೆ ಅಪ್ಪ." ಬಸ್ಸಿನಲ್ಲಿ ದಾರಿಯುದ್ದಕ್ಕೂ ಹೇಳಲೋ ಬೇಡವೋ ಎಂದು ಹೊರಳಿಸುತ್ತಾ ಬಂದಿದ್ದ ಮಾತು ಹೊರಗೆ ಬಂದಿತ್ತು. "ನೋಡ್ದೆ. ಆದ್ರೆ ಕಾಣ್ಲಿಲ್ಲ. ಏಳು ನಿಮಿಷ ಕಾಣ್ಲಿಲ್ಲ."

ಅಪ್ಪ ಫೋನನ್ನು ಮುಖ ಕೆಳಗೆ ಮಾಡಿ ನೆಲದ ಮೇಲಿಟ್ಟ. "ನಾನೂ ಹೇಳ್ದೆ. ಹಾಕಿರ್ಲಿಲ್ಲ. ನಿನ್ನ ಮಾವನೂ ಹೇಳ್ದ. ನೋಡಿರ್ಲಿಲ್ಲ. ನೀನೊಬ್ಬಳು ಎರಡನೇ ಸಲ ನೋಡ್ದೆ."

ಅಮ್ಮ ಮೂಲೆಯಲ್ಲಿದ್ದ ಪಟ್ಟಿಯನ್ನು ಎಳೆದುಕೊಂಡು ಕತ್ತರಿ ಹಿಡಿದಳು. ತಾನು ಹಾಕಿದ ಹೊಲಿಗೆಗಳನ್ನು ಒಂದೊಂದಾಗಿ ಕತ್ತರಿಸತೊಡಗಿದಳು. ಕೆಂಪು ಚಿಂದಿಗಳು ಅವಳ ಮಡಿಲಿಗೆ ಬಿದ್ದವು. "ನಾನು ನೋಡ್ಬಾರ್ದು ಅಂತ ಹೋಗ್ಲಿಲ್ಲ," ಎಂದಳು, "ಎಲ್ರೂ ಕೊಕ್ಕೆ ಬಿಟ್ಟು ಈ ಕೆಂಪನ್ನ ನೋಡ್ಕೊಂಡು ಕೂತ್ರು."

ಅಪ್ಪ ಮತ್ತೆ ಹತ್ತಲಿಲ್ಲ. ಆ ಏಳನೆಯದನ್ನೂ ಉಳಿದ ನಾಲ್ಕನ್ನೂ ಬೇರೆಯವರು ಮುಗಿಸಿದರು. ಈಗ ಅವನು ಬೇರೊಂದು ತಂಡಕ್ಕೆ ಕೆಳಗೆ ನಿಲ್ಲುವವನು. ಕೊರಳಲ್ಲಿ ದುರ್ಬೀನು. ಮೇಲಿದ್ದವನು "ಕಚ್ಚಿತು" ಎಂದರೆ ಅಪ್ಪ ತಕ್ಷಣ ಉತ್ತರಿಸುವುದಿಲ್ಲ. ದುರ್ಬೀನು ಎತ್ತಿ ನೋಡುತ್ತಾನೆ, ಬಾಲ ಮೇಲಕ್ಕೆ ಹೋಗಿದೆಯೇ ಎಂದು ನೋಡುತ್ತಾನೆ, ಒಂದು ಸಲ ಎಳೆದು ತೋರಿಸು ಎನ್ನುತ್ತಾನೆ. ಚೂರು ಅನುಮಾನ ಬಂದರೂ "ಕಂಡಿಲ್ಲ" ಎಂದು ಕೂಗುತ್ತಾನೆ. ಮೇಲಿದ್ದವರು ಕಬ್ಬಿಣ ತಬ್ಬಿಕೊಂಡು ಬೈಯುತ್ತಾರೆ. ಉಡ ಎಂಬ ಹೆಸರು ಹೋಗಿ ಅವನಿಗೀಗ ‘ಕಂಡಿಲ್ಲಪ್ಪ’ ಎಂಬ ಹೆಸರು ಬಂದಿದೆ. ಆ ತಂಡ ದಿನಕ್ಕೆ ಒಂದೇ ಟವರ್ ಮುಗಿಸುತ್ತದೆ. ನನ್ನ ಸೂಪರ್‌ವೈಸರ್ ಹಲ್ಲು ಕಚ್ಚಿಕೊಂಡು ಸುಮ್ಮನಿದ್ದಾನೆ.

ನಾನು ಅದೇ ಕುರ್ಚಿಯಲ್ಲಿದ್ದೇನೆ. ಪ್ರಶ್ನೆಗಳು ಅವೇ ನಾಲ್ಕು. ಬೇರೆ ಪ್ರಶ್ನೆ ಸೇರಿಸಿ ಎಂದು ಬರೆದುಕೊಟ್ಟಿದ್ದೇನೆ, ಇನ್ನೂ ಸೇರಿಸಿಲ್ಲ. ಫೋಟೋ ಬಂದರೆ ಮೊದಲು ಹೆಲ್ಮೆಟ್ಟಿನ ಮೇಲೆ ನೋಡುತ್ತೇನೆ. ಬರೀ ಆಕಾಶ ಕಂಡರೆ ಟವರ್ ಆರಿಸದೆ ಮೊದಲು ಅವರಿಗೆ ಫೋನ್ ಮಾಡುತ್ತೇನೆ. ಅಂಥದ್ದು ಈ ವರ್ಷ ಎರಡು ಸಲ ಕಂಡಿದೆ.

ಕಳೆದ ತಿಂಗಳು ಊರಿಗೆ ಹೋದಾಗ ಸಂಜೆ ಅಪ್ಪ ಕೆಲಸದಿಂದ ಬಂದ. ಗೇಟು ಎಳೆದು ಚಿಲಕ ಹಾಕಿದ. ಒಮ್ಮೆ ಅಲುಗಾಡಿಸಿದ. ಎರಡು ಹೆಜ್ಜೆ ಬಂದವನು ಮತ್ತೆ ಹಿಂದಕ್ಕೆ ಹೋಗಿ ಬಗ್ಗಿ ನೋಡತೊಡಗಿದ.

ಒಳಗಿನಿಂದ ಅಮ್ಮ ಕೇಳಿದಳು, "ಕಚ್ಚಿತಾ?"

"ತಾಳು," ಎಂದ ಅಪ್ಪ. "ನೋಡ್ತಿದ್ದೀನಿ."